ಹದಿನಾಲ್ಕು ಇಲ್ಲ

ಗಂಡನ ಹೆಣ ಸುಟ್ಟು ಬಂದ ಮರುದಿನ ಬೆಳಿಗ್ಗೆ ಯಾಚುನ್‌ಗೆ ಎಚ್ಚರವಾದದ್ದು ಅಡುಗೆಮನೆಯಲ್ಲಿ ಅತ್ತೆ ಮೀನು ಬಡಿಯುತ್ತಿದ್ದ ಸದ್ದಿಗೆ. ಮೀನಿಗೆ ಇನ್ನೂ ಜೀವವಿತ್ತು. ಅತ್ತೆ ಅದನ್ನು ಬಾಲದಲ್ಲಿ ಹಿಡಿದು ತೊಟ್ಟಿಯ ಅಂಚಿಗೆ ತಲೆ ಬಡಿಯುವುದು, ಅದು ಮತ್ತೆ ಒದ್ದಾಡುವುದು, ಮತ್ತೆ ಬಡಿಯುವುದು. ಆಮೇಲೆ ಚಾಕುವಿನ ಹಿಂಬದಿಯಿಂದ ಹುರುಪೆ ಕೀಳುವ ಕರಕರ ಶಬ್ದ. ಯಾಚುನ್ ಕಣ್ಣು ತೆರೆಯದೆ ಕೇಳಿಸಿಕೊಂಡಳು. ಕೆಳಗೆ ಕೀಲುಂಗ್ ಊರಿನ ರಸ್ತೆಯಲ್ಲಿ ಸ್ಕೂಟರುಗಳು ಎಂದಿನಂತೆ ಓಡುತ್ತಿದ್ದವು, ಬಂದರಿನ ಕಡೆಯಿಂದ ಒಂದು ಹಡಗು ಕೂಗಿತು. ನಲವತ್ತು ದಿನಗಳ ಹಿಂದೆಯೂ ಬೆಳಗು ಹೀಗೇ ಆಗುತ್ತಿತ್ತು. ಆಗ ಪಕ್ಕದಲ್ಲಿ ಹೋಶೆಂಗ್ ಇರುತ್ತಿದ್ದ, ಅವನ ಎದೆಯ ನಡುವೆ ಕುತ್ತಿಗೆಯ ಕುಳಿಯಿಂದ ಕೆಳಕ್ಕೆ ಒಂದು ಗೇಣು ಉದ್ದದ ಗಾಯದ ಗೆರೆ ಇರುತ್ತಿತ್ತು, ಅವಳ ಕೆನ್ನೆ ಆ ಗೆರೆಯ ಮೇಲೆ ಇರುತ್ತಿತ್ತು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಕೊಯ್ದದ್ದು, ಒಳಗೊಂದು ಗಡ್ಡೆ ಇತ್ತಂತೆ, ತೆಗೆದರಂತೆ. ಮದುವೆಯಾದ ಹೊಸತರಲ್ಲಿ ಅವಳು ಅದನ್ನು ಬೆರಳಿನಿಂದ ಓದುತ್ತಿದ್ದಳು.

"ಎದ್ದಿದ್ದೀಯಾ? ಎದ್ದಿದ್ರೆ ಎದ್ದೋಳ ಥರ ಈಚೆ ಬಾ," ಅತ್ತೆ ಕೂಗಿದಳು. "ಹತ್ತು ಗಂಟೆಗೆ ಸೂಜಿ ಅಂತ ನೀನೇ ಬರೆದು ಗೋಡೆಗೆ ಅಂಟಿಸಿದ್ದೀಯ."

ಯಾಚುನ್ ಬಾಗಿಲಲ್ಲಿ ನಿಂತಳು. ಅತ್ತೆಯ ಮೊಣಕೈವರೆಗೂ ಹುರುಪೆ ಅಂಟಿ ಮಿನುಗುತ್ತಿತ್ತು. ಗಂಟು ಗಂಟಾದ ಆ ಬೆರಳುಗಳು ಚಾಕು ಹಿಡಿದಾಗ ಮಾತ್ರ ನೆಟ್ಟಗಾಗುತ್ತಿದ್ದವು.

"ಅತ್ತೆ, ಇವತ್ತು ಬೇಡ. ನಾನು ಫೋನ್ ಮಾಡಿ ಹೇಳ್ತೀನಿ."

"ಯಾಕೆ ಬೇಡ? ಸೂಜಿ ಆದ್ಮೇಲೆ ಹತ್ತು ದಿನ ಕಳೀಬೇಕು, ಇಲ್ದಿದ್ರೆ ಆ ಹಳದಿ ಪುಸ್ತಕ ಅಲ್ಲಿ ನಡಿಯಲ್ಲ ಅಂತ ಹೇಳ್ದೋಳು ಯಾರು? ಹನ್ನೊಂದನೇ ದಿನ ವಿಮಾನ. ಇವತ್ತು ಬಿಟ್ರೆ ಹಡಗು ಬಿಟ್ಟ ಹಾಗೇ."

"ಸೂತಕದಲ್ಲಿ ಯಾರಾದ್ರೂ ಪ್ರಯಾಣ…"

"ಸೂತಕ ನನಗೆ. ಹಡಗಿಗಲ್ಲ." ಅತ್ತೆ ಮೀನಿನ ಹೊಟ್ಟೆಗೆ ಚಾಕು ಹಾಕಿ ಒಂದೇ ಎಳೆತಕ್ಕೆ ಸೀಳಿದಳು. "ಅವರಪ್ಪನಿಗೆ ಯಾರು ಹೇಳ್ತಾರೆ? ನಿನ್ನ ಮಗ ಆ ಕಡೆ ಬಂದಿದ್ದಾನೆ, ಕೈ ಹಿಡ್ಕೊಂಡು ಕರ್ಕೋ ಅಂತ ಕಾಗದ ಹಾಕ್ಲಾ? ನಾನೇ ಹೋಗಿ ಹೇಳ್ಬೇಕು."

ಹೋಶೆಂಗನ ಅಪ್ಪ ಪಶ್ಚಿಮ ಆಫ್ರಿಕಾದ ಒಂದು ಬಂದರಿನಲ್ಲಿ ಮಣ್ಣಾಗಿ ಮೂವತ್ತೊಂದು ವರ್ಷ. ಟ್ಯೂನಾ ಮೀನಿನ ದೋಣಿಯ ಹಗ್ಗ ತುಂಡಾಗಿ ಮೈಗೆ ಬಡಿಯಿತು ಎಂದು ಕಾಗದ ಬಂದಾಗ ಹೋಶೆಂಗ್‌ಗೆ ಎರಡು ವರ್ಷ. ಗೋರಿಯನ್ನು ಅತ್ತೆ ನೋಡಿಲ್ಲ. ಆ ಬಂದರನ್ನು ಮುಟ್ಟುವ ಪ್ರವಾಸಿ ಹಡಗೊಂದಿದೆ ಎಂದು ತಿಳಿದ ದಿನ ಹೋಶೆಂಗ್ ಕುಣಿದಿದ್ದ. ಗಂಡಹೆಂಡಿರು ಸೇರಿ ನಡೆಸುತ್ತಿದ್ದ ಆ ಪುಟ್ಟ ಟ್ರಾವೆಲ್ ಆಫೀಸಿನಲ್ಲಿ ಊರಿನ ಹಳೆಯ ದೂರಸಮುದ್ರದ ಮೀನುಗಾರರನ್ನು, ಅವರ ಹೆಂಡಿರನ್ನು, ವಿಧವೆಯರನ್ನು ಒಬ್ಬೊಬ್ಬರನ್ನಾಗಿ ಕೂಡಿಸಿ ಇಪ್ಪತ್ತೊಂದು ಜನ ಮಾಡಿದ್ದ. ಜನ ಕೂಡಿಸುವುದು ಅವನ ಕೆಲಸ, ಕಾಗದ ಅವಳ ಕೆಲಸ. ತೈಪೆಯ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷ ಸಾರ್ವಜನಿಕ ಆರೋಗ್ಯ ಓದಿದವಳು. ಯಾವ ದೇಶದೊಳಕ್ಕೆ ಕಾಲಿಡಲು ಯಾವ ಸೂಜಿ ಬೇಕು, ಎಷ್ಟು ದಿನ ಮುಂಚೆ ಬೇಕು, ಹಡಗು ಒಂದು ಬಂದರು ಮುಟ್ಟಿ ಇನ್ನೊಂದಕ್ಕೆ ಹೋದರೆ ಏನು ಬೇಕು, ಎಲ್ಲ ಅವಳ ಬಾಯಲ್ಲಿತ್ತು. ಹಳದಿ ಜ್ವರದ ಸೂಜಿ ಹಾಕಿಸಿಕೊಂಡದ್ದಕ್ಕೆ ಸಾಕ್ಷಿಯಾದ ಹಳದಿ ಪುಸ್ತಕ ಇಲ್ಲದವರನ್ನು ಆ ಬಂದರಿನಲ್ಲಿ ಇಳಿಸುವುದಿಲ್ಲ. ಸೂಜಿಗೆ ಮುಂಚೆ ಒಂದು ಫಾರಂ. ಅದರಲ್ಲಿ ಹದಿನಾಲ್ಕು ಪ್ರಶ್ನೆ, ಪ್ರತಿಯೊಂದಕ್ಕೂ ಹೌದು, ಇಲ್ಲ. ಕೆಳಗೆ ಸಹಿಯ ಬದಲು ಹೆಸರಿನ ಮುದ್ರೆ. ಗಿರಾಕಿಗಳ ಮುದ್ರೆಗಳೆಲ್ಲ ಆಫೀಸಿನ ಮರದ ಪೆಟ್ಟಿಗೆಯಲ್ಲೇ ಇರುತ್ತಿದ್ದವು. ಪ್ರತಿ ಕಾಗದಕ್ಕೂ ಮೂರು ಮಹಡಿ ಹತ್ತಿ ಯಾರು ಬರುತ್ತಾರೆ, ನೀನೇ ಒತ್ತಿಬಿಡು ಎಂದು ಕೊಟ್ಟು ಹೋಗುವುದು ಊರಿನ ರೂಢಿ. ಒಂದು ಹೌದು ಬಿದ್ದರೆ ಡಾಕ್ಟರು ಇನ್ನೊಂದು ಚೀಟಿ ಕೇಳುತ್ತಾರೆ, ಆ ಚೀಟಿಗೆ ಇನ್ನೊಂದು ಆಸ್ಪತ್ರೆ, ಅಲ್ಲಿ ಇನ್ನೊಂದು ಸಾಲು. ಆದ್ದರಿಂದ ಅವಳು ಎಲ್ಲರಿಗೂ ಹದಿನಾಲ್ಕು ಇಲ್ಲ ಹಾಕಿದ್ದಳು. ವರ್ಷಗಳಿಂದ ಹಾಗೆಯೇ ಹಾಕಿದ್ದಳು. ಯಾರಿಗೂ ಏನೂ ಆಗಿರಲಿಲ್ಲ.

ಹೋಶೆಂಗ್ ತಂಡದ ಮುಖ್ಯಸ್ಥನಾದ್ದರಿಂದ ಮೊದಲು ಚುಚ್ಚಿಸಿಕೊಂಡ. ಅವನ ಫಾರಂ ತುಂಬಿದಾಗ ಅವಳ ಎಡಗೈಯಲ್ಲಿ ನೂಡಲ್ಸ್ ಬಟ್ಟಲಿತ್ತು. ಪೆನ್ನು ಮೇಲಿನಿಂದ ಕೆಳಕ್ಕೆ ಇಳಿಯಿತು, ಏಣಿ ಇಳಿದ ಹಾಗೆ. ಒಂಬತ್ತನೆಯ ಮೆಟ್ಟಿಲು: ಥೈಮಸ್ ಗ್ರಂಥಿಯ ಕಾಯಿಲೆ ಅಥವಾ ಶಸ್ತ್ರಚಿಕಿತ್ಸೆ. ಇಲ್ಲ. ಆ ಗ್ರಂಥಿ ಎದೆಯಲ್ಲಿ ಎಲ್ಲಿರುತ್ತದೆ, ಅದಿಲ್ಲದವನ ಮೈಗೆ ಈ ಸೂಜಿ ಏಕೆ ಹೋಗಬಾರದು ಎಂದು ಅವಳು ಒಂದು ಕಾಲಕ್ಕೆ ಪರೀಕ್ಷೆಯಲ್ಲಿ ಒಂದು ಪುಟ ಬರೆದಿದ್ದಳು. ಅವನ ಮುದ್ರೆಯನ್ನು ಕೆಂಪು ಮಸಿಗೆ ಅದ್ದಿ ಒತ್ತಿದಳು. ಲಕ್ಷಾಂತರ ಜನಕ್ಕೆ ಏನೂ ಮಾಡದ ಆ ಸೂಜಿ ಒಂಬತ್ತು ದಿನದಲ್ಲಿ ಅವನ ಯಕೃತ್ತನ್ನು ತಿಂದು ಹಾಕಿತು. ಕೊನೆಯ ದಿನ ಮೂಗಿನಿಂದ, ಒಸಡಿನಿಂದ, ಸೂಜಿ ಹಾಕಿದ ಪ್ರತಿಯೊಂದು ತೂತಿನಿಂದ ರಕ್ತ ಬರುತ್ತಿತ್ತು. ಒಬ್ಬ ಎಳೆಯ ಡಾಕ್ಟರು ಅವನ ಎದೆ ನೋಡಿ, ಇದೇನು ಆಪರೇಷನ್ ಎಂದು ಕೇಳಿದ. ಯಾವುದೋ ಗಡ್ಡೆ, ಹಳೆಯದು, ಎಂದಳು. ಅವನು ಅವಳನ್ನು ಒಂದು ಕ್ಷಣ ನೋಡಿ ಏನೋ ಬರೆದುಕೊಂಡ. ಆ ಬರಹ ಯಾವುದೋ ಕಚೇರಿಯಿಂದ ಯಾವುದೋ ಕಚೇರಿಗೆ ನಿಧಾನವಾಗಿ ನಡೆಯುತ್ತಿರಬೇಕು. ಅದು ಬರುವವರೆಗೆ ಊರಿಗೆಲ್ಲ ಇದು ಯಕೃತ್ತಿನ ಕಾಯಿಲೆ, ಸೂಜಿಯಿಂದ ಎಂದು ಗೊತ್ತಿರುವವಳು ಅವಳೊಬ್ಬಳೇ.

ಮತ್ತು ಹನ್ನೊಂದನೆಯ ಮೆಟ್ಟಿಲು: ಮೈಯ ಪ್ರತಿರೋಧ ಕುಗ್ಗಿಸುವ ಔಷಧಿ. ಕೀಲುನೋವಿಗೆಂದು ಅತ್ತೆ ಪ್ರತಿ ಭಾನುವಾರ ನುಂಗುವ ಸಣ್ಣ ಮಾತ್ರೆಗಳು ಅದೇ ಔಷಧಿ. ಅಲ್ಲೂ ಇಲ್ಲ. ಅಲ್ಲೂ ಕೆಂಪು ಮುದ್ರೆ. ಇವತ್ತು ಹತ್ತು ಗಂಟೆಗೆ ಅದೇ ಸೂಜಿ ಆ ತೋಳಿಗೆ ಹೋಗುತ್ತದೆ. ಒಂದು ಮಾತು ಹೇಳಿದರೆ ನಿಲ್ಲುತ್ತದೆ. ಆ ಒಂದು ಮಾತು ಹೇಳಿದರೆ ಅವನನ್ನು ಕೊಂದದ್ದು ಯಾರೆಂದೂ ಹೇಳಿದ ಹಾಗೆಯೇ.

"ಏನು ನೋಡ್ತಿದ್ದೀಯ ಹೆಣದ ಥರ," ಎಂದಳು ಅತ್ತೆ. "ಮುಖ ತೊಳ್ಕೋ. ನಿನ್ನ ನೋಡಿದ್ರೆ ಸತ್ತೋನು ನೀನೇನೋ ಅನ್ಸುತ್ತೆ."

ಮೆಟ್ಟಿಲಿಳಿಯುವಾಗ ಎರಡನೆಯ ಮಹಡಿಯ ಹೆಂಗಸು ತನ್ನ ಬಾಗಿಲ ಚೌಕಟ್ಟಿನ ಮೇಲೆ ಸಾವಿನ ಮನೆಯವರು ಅಂಟಿಸಿದ್ದ ಕೆಂಪು ಕಾಗದವನ್ನು ಅಡುಗೆ ಚಾಕುವಿನಿಂದ ಹೆರೆಯುತ್ತಿದ್ದಳು. ಕೇಡು ಒಳಗೆ ಬರದಿರಲೆಂದು ಅಂಟಿಸುವುದು, ಹೆಣ ಹೋದ ಮೇಲೆ ಕೀಳುವುದು. ಮೊದಲೆಲ್ಲ ಅವಳಿಗೆ ಯಾಚುನ್ ಕಂಡರೆ ಹತ್ತು ನಿಮಿಷ ಮಾತು ಬೇಕಿತ್ತು. ಈಗ ಗೋಡೆಗೆ ಮುಖ ಮಾಡಿ, ಚಾಕು ಗಾಳಿಯಲ್ಲಿ ಹಿಡಿದು, ಇವರು ದಾಟುವವರೆಗೆ ಉಸಿರು ಕಟ್ಟಿ ನಿಂತಳು. ಎರಡು ಮೆಟ್ಟಿಲು ಇಳಿದ ಮೇಲೆ ಹೆರೆಯುವ ಸದ್ದು ಮತ್ತೆ ಶುರುವಾಯಿತು. ಯಾಚುನ್‌ಗೆ ಹಿಂದಕ್ಕೆ ಹೋಗಿ ಆ ಚಾಕು ಕಸಿದು ಆ ಬೆನ್ನಿಗೆ ಹಾಕಬೇಕೆನಿಸಿತು. ಅನಿಸಿದ್ದು ಸ್ಪಷ್ಟವಾಗಿತ್ತು, ಎಷ್ಟು ಆಳ ಹೋಗುತ್ತದೆ, ಮೂಳೆಗೆ ತಾಗಿದರೆ ಕೈಗೆ ಹೇಗೆ ಗೊತ್ತಾಗುತ್ತದೆ ಎಂಬುದೂ ಸ್ಪಷ್ಟವಾಗಿತ್ತು. ಅನಿಸಿಕೆ ಹೋಯಿತು. ಹಿಂದೆ ಏನೂ ಉಳಿಯಲಿಲ್ಲ. ಅವನು ಸತ್ತು, ಸುಡಲು ಒಳ್ಳೆಯ ದಿನಕ್ಕೆ ಕಾದ ಈ ಹದಿಮೂರು ದಿನಗಳಿಂದ ಹೀಗೇ. ಅಳು ಬರಬೇಕಾದಲ್ಲಿ ಒಂದು ಚಾಕು ಬರುತ್ತಿತ್ತು, ಹೋಗುತ್ತಿತ್ತು.

ಬಂದರಿನ ದಂಡೆಯಲ್ಲಿ ಅತ್ತೆ ಮುಂದೆ, ಅವಳು ಹಿಂದೆ. ನೀರಿನ ಮೇಲೆ ಹದ್ದುಗಳು ಸುತ್ತುತ್ತಿದ್ದವು. ದೋಣಿಯೊಂದರಿಂದ ಯಾರೋ ಕರುಳು ಎಸೆದರು. ಎರಡು ಹದ್ದು ಒಂದೇ ತುಂಡಿಗೆ ಎರಗಿ, ಗಾಳಿಯಲ್ಲೇ ಒಂದರ ಉಗುರು ಇನ್ನೊಂದಕ್ಕೆ ಸಿಕ್ಕಿಕೊಂಡು, ತಿರುಗುತ್ತಾ ನೀರಿಗೆ ಅಪ್ಪಳಿಸುವಷ್ಟು ಕೆಳಕ್ಕೆ ಬಂದು ಬಿಡಿಸಿಕೊಂಡವು. ಅತ್ತೆ ನಿಂತು ನೋಡಿದಳು. ನಿನ್ನೆ ಅವಳು ಹೀಗೆಯೇ ನಿಂತಿದ್ದಳು, ಮಗನ ಶವಪೆಟ್ಟಿಗೆಯ ಮುಂದೆ, ಕೈಯಲ್ಲಿ ಬಿದಿರಿನ ಕೋಲು ಹಿಡಿದು. ತಾಯಿಗಿಂತ ಮುಂಚೆ ಹೊರಟ ಮಗನಿಗೆ ತಾಯಿ ಶಿಕ್ಷೆ ಕೊಡದೆ ಕಳಿಸುವಂತಿಲ್ಲ. ಪುರೋಹಿತ, ಮೆಲ್ಲಗೆ ಮುಟ್ಟಿಸಿದರೆ ಸಾಕಮ್ಮ, ಎಂದ. ಅವಳು ಮುಟ್ಟಿಸಲಿಲ್ಲ. ಮೂರು ಏಟು, ಭುಜದಿಂದ ತಂದು. ಮೊದಲನೆಯದಕ್ಕೆ ಹೂವಿನ ಹಾರ ಜಾರಿತು, ಎರಡನೆಯದಕ್ಕೆ ಮರ ಸೀಳಿದಂಥ ಸದ್ದು, ಮೂರನೆಯದಕ್ಕೆ ಕೋಲು ಚಿಗುರೊಡೆದಂತೆ ತುದಿಯಲ್ಲಿ ಬಿರಿಯಿತು. ಒಳಗೆ ಅವನು. ಒಳಗೆ ಅವನ ಊದಿದ ಮುಖ, ಹತ್ತಿ ತುರುಕಿದ ಮೂಗು. ಯಾಚುನ್ ಹೆಂಡತಿಯ ಜಾಗದಲ್ಲಿ ಮೊಣಕಾಲೂರಿ ತಲೆ ನೆಲಕ್ಕೆ ಹಚ್ಚಿದ್ದಳು. ಪ್ರತಿ ಏಟೂ ನೆಲದಿಂದ ಹಣೆಗೆ ಬಂತು. ಆ ಏಟುಗಳು ತನ್ನವು ಎಂದು ಆಗ ಗೊತ್ತಿತ್ತು. ಅದರ ಜೊತೆಗೇ, ಇನ್ನೊಂದು ಕಡೆಯಿಂದ, ಇನ್ನೊಂದು ಗೊತ್ತಾಯಿತು: ಈ ಹೆಂಗಸು ಸಾಯಲಿ. ಸತ್ತವನನ್ನೂ ಬಿಡದೆ ಹೊಡೆದ ಆ ತೋಳಿಗೇ ಸೂಜಿ ಹೋಗಲಿ. ತಾನು ಏನೂ ಮಾಡಬೇಕಾಗಿಲ್ಲ, ಸುಮ್ಮನೆ ಇದ್ದರೆ ಸಾಕು. ಫಾರಂ ಆಗಲೇ ತುಂಬಿದೆ.

"ನಡಿ," ಎಂದಳು ಅತ್ತೆ. "ಹದ್ದು ನೋಡೋಕೆ ಟಿಕೆಟ್ ಬೇಡ ಅಂತ ನಿಂತ್ಕೊಂಡೇ ಇರ್ತೀಯಾ?"

ಲಸಿಕೆ ಕೋಣೆಯ ಹೊರಗಿನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ತಂಡದವರು ಕೂತಿದ್ದರು. ಇವರನ್ನು ಕಂಡು ಎಲ್ಲರೂ ಎದ್ದರು, ಮತ್ತೆ ಎಲ್ಲರೂ ಕೂತರು. ಎಂಬತ್ತರ ಖೋ ತಾತ ಮಾತ್ರ ಊರುಗೋಲು ಊರಿ ಹತ್ತಿರ ಬಂದ. ಹೋಶೆಂಗನ ಅಪ್ಪನ ದೋಣಿಯಲ್ಲಿ ಅಡುಗೆಯವನಾಗಿದ್ದವನು, ಆ ಬಂದರಿನಲ್ಲಿ ಗುಂಡಿ ತೋಡಿಸಿ ಮಣ್ಣು ಮಾಡಿದವನು.

"ಅತ್ತಿಗೆ, ಬಂದ್ಯಲ್ಲ," ಎಂದ. "ನೀನು ಬರಲ್ಲ ಅಂತ ಇವರೆಲ್ಲ ಪಂಥ ಕಟ್ಟಿದ್ರು. ಬರ್ತಾಳೆ, ಬಂದು ನಮ್ಮನ್ನೂ ನಾಲ್ಕು ಬೈತಾಳೆ ಅಂತ ನಾನಂದೆ."

"ನಿನ್ನ ಬೈಯೋಕೆ ಬಾಯಿ ಸವೆಸ್ಕೊಳ್ಳೋದು ಯಾಕೆ," ಎಂದಳು ಅತ್ತೆ. "ಆ ಗೋರಿ ಎಲ್ಲಿದೆ ಅಂತ ನೆನಪಿದ್ಯಾ, ಇಲ್ಲ ಅದನ್ನೂ ಕುಡಿದು ಮರೆತ್ಯಾ?"

"ಕಣ್ಣು ಮುಚ್ಕೊಂಡು ಹೋಗ್ತೀನಿ. ಮಾವಿನ ಮರದ ಪಕ್ಕ ಎರಡನೇ ಸಾಲು."

ಒಳಗೆ ಕರೆದರು. ಡಾಕ್ಟರು ಫಾರಂಗಳ ಕಟ್ಟನ್ನು ಹೆಬ್ಬೆರಳಿನಿಂದ ಸರಸರ ಸರಿಸುತ್ತಾ ಬಂದು ನಕ್ಕ. "ಇಪ್ಪತ್ತು ಜನ. ಎಲ್ಲರೂ ಅರವತ್ತರ ಮೇಲೆ. ಒಬ್ಬರಿಗಾದ್ರೂ ಒಂದು ಕಾಯಿಲೆ ಬೇಡ್ವೇ? ಏನು ತಿಂತೀರಿ ನೀವೆಲ್ಲ?"

"ಉಪ್ಪು ನೀರು, ಡಾಕ್ಟ್ರೇ," ಎಂದ ಖೋ ತಾತ. "ಅದರಲ್ಲೇ ನೆನೆ ಹಾಕಿ ಇಟ್ಟಿದ್ರು ನಮ್ಮನ್ನ. ಕೆಡಲ್ಲ."

ಎಲ್ಲರೂ ನಕ್ಕರು, ಬೇಕಾದ್ದಕ್ಕಿಂತ ಜೋರಾಗಿ. ಡಾಕ್ಟರು ನಗು ನಿಲ್ಲಿಸಿ, ತಮಾಷೆಯಲ್ಲ, ಈ ವಯಸ್ಸಿಗೆ ಈ ಸೂಜಿ ಯೋಚಿಸಿ ಹಾಕೋದು, ಎದೆಯ ಆಪರೇಷನ್ ಆದವರು, ದಿನಾ ಔಷಧಿ ತಗೊಳ್ಳೋರು ಇದ್ರೆ ಈಗಲೇ ಹೇಳಿ, ಎಂದ. ಇಪ್ಪತ್ತು ಮುಖಗಳೂ ಯಾಚುನ್ ಕಡೆ ತಿರುಗಿದವು. ಏನು ಕೇಳಿದರೂ ಇಲ್ಲ ಅನ್ನಿ ಎಂದು ಕಲಿಸಿದವಳು ಅವಳು. ಸಕ್ಕರೆ ಕಾಯಿಲೆಯ ಆಬೀ ಚಿಕ್ಕಮ್ಮ ಕಣ್ಣಿನಲ್ಲೇ ಅವಳಿಗೆ, ಮರೆತಿಲ್ಲ ಕಣೇ, ಎಂದಳು.

"ಇಲ್ಲ," ಎಂದರು ಎಲ್ಲರೂ, ಶಾಲೆಯ ಮಕ್ಕಳ ಹಾಗೆ.

"ನೀವಮ್ಮ? ಬೆರಳು ಹೀಗಿದೆಯಲ್ಲ. ಏನಾದ್ರೂ ಮಾತ್ರೆ?"

"ಇಲ್ಲ," ಎಂದಳು ಅತ್ತೆ. "ಮೀನು ಕತ್ತರಿಸಿ ಹೀಗಾಗಿದೆ. ನಂಗೇ ಮೊದಲು ಚುಚ್ಚಿ." ಕುರ್ಚಿಯಲ್ಲಿ ಕೂತು ತೋಳು ಮೇಲಕ್ಕೇರಿಸಿದಳು. ನಿನ್ನೆಯ ಅದೇ ತೋಳು. ಒಳಬದಿ ಬಿಳುಚಾಗಿ, ನೀಲಿ ನರ ಎದ್ದು, ಕೋಳಿಮರಿಯ ಚರ್ಮದಂತೆ ಸಡಿಲವಾಗಿತ್ತು. ಅದು ಇಷ್ಟು ಬಡಪಾಯಿಯಾಗಿರುತ್ತದೆಂದು ಯಾಚುನ್ ಎಣಿಸಿರಲಿಲ್ಲ. ನರ್ಸು ಸ್ಪಿರಿಟ್ ಹಚ್ಚಿದಳು. ಆ ವಾಸನೆ ಬಂದೊಡನೆ ಐಸಿಯು ಬಂತು, ಹೋಶೆಂಗನ ಹಲ್ಲಿನ ಸಂದಿಯ ರಕ್ತ ಬಂತು, ಬಾಯಿ ಒರೆಸಿದಾಗ ಅವನು, ನಾಚಿಕೆಯಾಗುತ್ತೆ, ಹೊರಗೆ ಹೋಗು, ಎಂದದ್ದು ಬಂತು. ಸುಮ್ಮನೆ ಇದ್ದರೆ ಸಾಕು. ಇನ್ನು ಎರಡು ಉಸಿರು. ಒಂಬತ್ತು ದಿನದ ಮೇಲೆ ಈ ತೋಳು ಹಳದಿಯಾಗುತ್ತದೆ, ಈ ಬಾಯಿಂದಲೂ ಅದೇ ಬರುತ್ತದೆ, ಒರೆಸುವವಳು ಮತ್ತೆ ತಾನೇ. ಇದು ತಾನು ಬಯಸಿದ್ದು. ಬಯಕೆ ಈಗಲೂ ಅಲ್ಲೇ ಇತ್ತು, ಒಂದು ಕೂದಲೆಳೆಯೂ ಕಡಿಮೆಯಾಗಿರಲಿಲ್ಲ. ಅದು ಹಾಗೆಯೇ ಇರುವಾಗಲೇ ಅವಳು ನರ್ಸಿನ ಮಣಿಕಟ್ಟು ಹಿಡಿದಿದ್ದಳು. ನರ್ಸು ಚೀರಿ ಕೈ ಎಳೆದುಕೊಂಡಳು, ಸೂಜಿ ಯಾಚುನ್‌ಳ ಅಂಗೈಯ ಮಾಂಸ ಸೀಳಿಕೊಂಡು ಹೋಯಿತು, ಟ್ರೇ ಮಗುಚಿ ಪುಟ್ಟ ಸೀಸೆಗಳು ನೆಲದಲ್ಲಿ ಒಡೆದವು.

"ಸುಳ್ಳು," ಎಂದಳು. ದನಿ ಬೇರೆ ಯಾರದೋ ಅನಿಸಿತು. "ಎಲ್ಲ ಸುಳ್ಳು. ಅತ್ತೆ ಮಾತ್ರೆ ತಗೋತಾರೆ, ಪ್ರತಿ ಭಾನುವಾರ. ಈ ಸೂಜಿ ಹೋದ್ರೆ ಸಾಯಬಹುದು. ನಂಗೆ ಗೊತ್ತಿತ್ತು. ಎಲ್ಲರದ್ದೂ ನಾನೇ ಬರೆದೆ, ನಾನೇ ಮುದ್ರೆ ಒತ್ತಿದೆ. ಅವರದ್ದೂ. ಹೋಶೆಂಗ್‌ದೂ. ಎದೆ ಆಪರೇಷನ್ ಆಗಿದೆಯಾ ಅಂತ ಫಾರಂನಲ್ಲಿ ಕೇಳಿತ್ತು. ಇಲ್ಲ ಅಂತ ಹಾಕಿದೆ."

ಅತ್ತೆ ತೋಳು ಏರಿಸಿಕೊಂಡೇ ಕೂತಿದ್ದಳು. ಅರ್ಥವಾಗುವುದು ಅವಳ ಮುಖದಲ್ಲಿ ನಿಧಾನವಾಗಿ ಆಯಿತು, ಕೆಳಗಿನಿಂದ ಮೇಲಕ್ಕೆ, ಮೊದಲು ಗದ್ದ ನಡುಗಿತು.

"ಗೊತ್ತಿತ್ತಾ?"

"ಗೊತ್ತಿತ್ತು."

"ಓದ್ದೋಳು ನೀನು."

"ಹೌದು ಅತ್ತೆ."

ಅತ್ತೆ ಎದ್ದು ಖೋ ತಾತನ ಕೈಯಿಂದ ಊರುಗೋಲು ಕಿತ್ತುಕೊಂಡಳು. ಮೊದಲ ಏಟು ಭುಜಕ್ಕೆ ಬಿತ್ತು. ಪೆಟ್ಟಿಗೆಗೆ ಬಿದ್ದಾಗ ಆದಂಥ ಸದ್ದು ಆಗಲಿಲ್ಲ. ಒದ್ದೆ ಬಟ್ಟೆ ಕಲ್ಲಿಗೆ ಒಗೆದಂಥ ಸದ್ದು, ಅಷ್ಟೇ. ಎರಡನೆಯದು ಕಿವಿಯ ಮೇಲೆ. ಕಿವಿಯಲ್ಲಿ ಹಡಗಿನ ಕೂಗು ಶುರುವಾಗಿ ನಿಲ್ಲಲೇ ಇಲ್ಲ. ಅವಳು ಕೈ ಎತ್ತಬಾರದೆಂದುಕೊಂಡಿದ್ದಳು. ಮೂರನೆಯದಕ್ಕೆ ಎಡಗೈ ತಾನಾಗಿ ಎದ್ದಿತು, ಮಣಿಕಟ್ಟಿನ ಮೂಳೆಗೇ ಬಿತ್ತು. "ನಿನ್ನೆ ಅವನನ್ನ ಹೊಡೆದೆ," ಎನ್ನುತ್ತಿದ್ದಳು ಅತ್ತೆ, ಏಟಿಗೊಂದು ಮಾತು. "ನನ್ನ ಮಗನ್ನ. ಯಾಕೆ ಹೋದ್ಯೋ ಅಂತ ಕೇಳ್ದೆ. ಅವನು ಏನೂ ಹೇಳ್ಲಿಲ್ಲ. ಹೇಗೆ ಹೇಳ್ತಾನೆ. ಅವನಿಗೇ ಗೊತ್ತಿರ್ಲಿಲ್ಲ. ನೀನು ಅಲ್ಲೇ ತಲೆ ಬಗ್ಗಿಸಿ ಕೂತಿದ್ದೆ. ನನ್ನ ಕೈಲಿ ಅವನನ್ನ ಹೊಡೆಸ್ದೆ. ತಪ್ಪಿಲ್ಲದೋನನ್ನ ಹೊಡೆಸ್ದೆ." ಯಾಚುನ್ ನೆಲಕ್ಕೆ ಕುಸಿದಳು. ಅಂಗೈಯಡಿ ಗಾಜಿನ ಪುಡಿ ಇತ್ತು. ಪ್ರತಿ ಏಟೂ ಬಂದ ಜಾಗದಲ್ಲಿ ಹದಿಮೂರು ದಿನಗಳಿಂದ ಇಲ್ಲದ ಮೈ ಮತ್ತೆ ಬರುತ್ತಿತ್ತು. ಇದು ಭುಜ, ಇದು ಬೆನ್ನು, ಇದು ಪಕ್ಕೆ. ಇನ್ನೂ ಹೊಡೆಯಲಿ ಎನಿಸಿತು. ಅದರ ಮರುಕ್ಷಣವೇ, ಆ ಕೋಲು ಕಿತ್ತುಕೊಂಡು ತಾನೂ ಒಂದು ಕೊಡಬೇಕು ಎನಿಸಿತು. ಡಾಕ್ಟರು, ಅಮ್ಮಾ, ಇದು ಆಸ್ಪತ್ರೆ, ಎಂದು ಕೂಗುತ್ತಿದ್ದ, ಹತ್ತಿರ ಬರಲಿಲ್ಲ. ಕೊನೆಗೆ ಖೋ ತಾತ ಕೋಲಿನ ಇನ್ನೊಂದು ತುದಿ ಹಿಡಿದ.

"ಅತ್ತಿಗೆ, ಕೋಲು ನಂದು. ಮುರಿದ್ರೆ ನಾನು ಮನೆಗೆ ಹೇಗೆ ಹೋಗ್ಲಿ?"

ಅತ್ತೆ ಕೋಲು ಬಿಟ್ಟಳು. ಕುರ್ಚಿಗೆ ಹೋಗಿ ಕೂತು, ಏರಿಸಿದ್ದ ಅಂಗಿಯ ತೋಳನ್ನು ಕೆಳಕ್ಕೆಳೆದು ಗುಂಡಿ ಹಾಕಿಕೊಳ್ಳಲು ನೋಡಿದಳು. ಬೆರಳು ಬಗ್ಗಲಿಲ್ಲ. ನರ್ಸು ಬಂದು ಹಾಕಿಕೊಟ್ಟಳು.

ಆಮೇಲೆ ಡಾಕ್ಟರು ಫಾರಂಗಳ ಕಟ್ಟನ್ನು ಅಡ್ಡಕ್ಕೆ ಹರಿದು, ಹೊಸ ಹಾಳೆ ತೆಗೆದು ಒಬ್ಬೊಬ್ಬರನ್ನೇ ಕೂರಿಸಿ ಕೇಳಿದ. ಈ ಸಲ ಯಾರೂ ನಗಲಿಲ್ಲ. ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ ಹೊರಬಿತ್ತು, ತಮ್ಮನಿಗೆ ಕೊಟ್ಟ ಮೂತ್ರಪಿಂಡ ಹೊರಬಿತ್ತು, ಗಂಡನಿಗೂ ಹೇಳದ ಸ್ತನದ ಗಂಟೊಂದು ಹೊರಬಿದ್ದು ಹೆಂಗಸೊಬ್ಬಳು ಮುಖ ಮುಚ್ಚಿಕೊಂಡಳು. ಯಾಚುನ್ ಗೋಡೆಗೊರಗಿ, ಅಂಗೈಗೆ ಬಟ್ಟೆ ಸುತ್ತಿಕೊಂಡು ಕೇಳುತ್ತಿದ್ದಳು. ಒಂದೊಂದು ಹೌದೂ ಅವಳು ಹಾಕಿದ ಒಂದೊಂದು ಇಲ್ಲವನ್ನು ಉಗುರಿನಿಂದ ಕಿತ್ತು ತೆಗೆದ ಹಾಗಿತ್ತು. ಐದು ಜನಕ್ಕೆ ಮಾತ್ರ ಸೂಜಿ ಹಾಕಬಹುದೆಂದಾಯಿತು. ಆ ಐವರೂ ಒಬ್ಬರ ಮುಖ ಒಬ್ಬರು ನೋಡಿ, ನಮಗೂ ಬೇಡ, ಎಂದರು. ಕೊನೆಯ ಸರದಿ ಖೋ ತಾತನದು.

"ನನಗೆ ಸೂಜಿ ಯಾಕೆ? ನನ್ನ ಹಳೇ ಹಳದಿ ಪುಸ್ತಕ ಇದೆಯಲ್ಲ, ದೋಣಿ ಕಾಲದ್ದು," ಎಂದ. "ಹೋಶೆಂಗ್ ಹತ್ರ ಇದೆ. ಏಪ್ರಿಲ್‌ನಲ್ಲಿ ತಗೊಂಡ. ಎಲ್ಲರಿಗೂ ತೋರಿಸ್ತೀನಿ ತಾತ, ಹೇಗಿರುತ್ತೆ ಅಂತ ಇವರಿಗೆ ಗೊತ್ತಾಗ್ಲಿ, ನಾಳೆ ತಂದುಕೊಡ್ತೀನಿ ಅಂದ."

ಹಳೆಯದಾದರೂ ಆಗುತ್ತದೆ, ಒಂದು ಸಲ ಹಾಕಿಸಿಕೊಂಡರೆ ಜೀವಮಾನಕ್ಕೆ ಸಾಕು, ಅದು ಸಿಕ್ಕರೆ ನೀವು ಹೋಗಬಹುದು, ಎಂದ ಡಾಕ್ಟರು.

ಮನೆಯಲ್ಲಿ ಅತ್ತೆ ಬೆಳಿಗ್ಗೆ ಕೊಯ್ದ ಮೀನನ್ನು ಶುಂಠಿ ಹಾಕಿ ಬೇಯಿಸಿದಳು. ಎರಡು ಬಟ್ಟಲು ಅನ್ನ ಇಟ್ಟಳು. ಎದುರುಬದುರು ಕೂತು ಉಂಡರು. ಯಾಚುನ್‌ಗೆ ಎಡಗೈಯಲ್ಲಿ ಬಟ್ಟಲು ಎತ್ತಲಾಗಲಿಲ್ಲ, ಮೇಜಿನ ಮೇಲೇ ಬಾಗಿ ತಿಂದಳು, ನಾಯಿಯ ಹಾಗೆ ಎಂದು ಅವಳಿಗೇ ಅನಿಸಿತು. ಅತ್ತೆ ಅದನ್ನು ನೋಡಿದಳು, ನೋಡಿ ಮೀನಿನ ಕೆನ್ನೆಯ ಮಾಂಸ ಬಿಡಿಸಿ ತನ್ನ ಬಾಯಿಗೇ ಹಾಕಿಕೊಂಡಳು. ಅದು ಯಾವಾಗಲೂ ಹೋಶೆಂಗನ ಪಾಲು.

"ನೀನು ಈ ಮನೇಲಿ ಎಷ್ಟು ದಿನ ಇರ್ತೀಯೋ ಇರು," ಎಂದಳು. "ನಾನು ಹೋಗು ಅನ್ನಲ್ಲ. ನಿನ್ನ ಮುಖ ನೋಡ್ಕೊಂಡೇ ಇರ್ತೀನಿ. ನೀನೂ ನಂದು ನೋಡು."

"ಹ್ಞೂಂ."

"ಖೋ ಪುಸ್ತಕ ಹುಡುಕು. ಅವನಾದ್ರೂ ಹೋಗ್ಲಿ. ಅವರಪ್ಪನಿಗೆ ಯಾರಾದ್ರೂ ಒಬ್ಬರು ಹೇಳ್ಬೇಕು."

ಅದು ಹೋಶೆಂಗನ ಮಳೆಕೋಟಿನ ಒಳಜೇಬಿನಲ್ಲಿತ್ತು, ಒಂದು ಪ್ಲಾಸ್ಟಿಕ್ ಚೀಲದಲ್ಲಿ, ಮೂಲೆ ಮಡಚದ ಹಾಗೆ ಎರಡು ರಟ್ಟುಗಳ ನಡುವೆ. ಜಾಗರೂಕತೆ ಅವನದು. ಅವಳು ಕೋಟನ್ನು ಮೂಸಲಿಲ್ಲ. ಮೂಸಿದರೆ ಆ ಚಾಕು ಮತ್ತೆ ಬರಬಹುದು, ಅಥವಾ ಬರದೆ ಇರಬಹುದು, ಎರಡೂ ಬೇಡವಾಗಿತ್ತು.

ಹಡಗು ರಿಪೇರಿ ಕಟ್ಟೆಯ ಹಿಂದಿನ ಓಣಿಯಲ್ಲಿ ಖೋ ತಾತನ ಒಂದೇ ಕೋಣೆಯ ಮನೆ. ಮಧ್ಯಾಹ್ನದ ಬಿಸಿಲು ಬಾಗಿಲವರೆಗೆ ಬಂದಿತ್ತು. ಅವನು ಬನಿಯನ್ನಿನಲ್ಲಿ ಕೂತು ಕಾಲುಗುರು ಕತ್ತರಿಸುತ್ತಿದ್ದ. ಅವಳು ಹೊಸಿಲಿನಿಂದ ಒಂದು ಮೊಳ ದೂರ ನಿಂತಳು.

"ಒಳಗೆ ಬಾ."

"ಸೂತಕದ ನೂರು ದಿನ ಆಗಿಲ್ಲ ತಾತ."

"ಎಷ್ಟು ಹೆಣ ಟ್ಯೂನಾ ಪಕ್ಕದಲ್ಲೇ ಐಸ್‌ನಲ್ಲಿಟ್ಟು ಕಾದಿದ್ದೀನಿ. ಸೂತಕ ನನ್ನನ್ನೇನು ಮಾಡುತ್ತೆ." ಆದರೂ ಅವನು ಮತ್ತೆ ಕರೆಯಲಿಲ್ಲ. ಅವಳ ಊದಿದ ಕಿವಿಯನ್ನು ನೋಡಿದ. "ಸಿಕ್ತಾ? ತೆಗೆದು ಓದು. ನೀನು ಕಾಗದದೋಳು. ನಡೆಯುತ್ತಾ ಹೇಳು."

ಅವಳು ಓದಿದಳು. ಹೆಸರು, ಹುಟ್ಟಿದ ದಿನ, ಸೂಜಿ ಹಾಕಿದ ದಿನ, ಔಷಧಿಯ ಸಂಖ್ಯೆ, ಕಚೇರಿಯ ದುಂಡು ಮುದ್ರೆ. ನಲವತ್ತೈದು ವರ್ಷವಾದರೂ ಮಸಿ ಮಾಸಿರಲಿಲ್ಲ. "ಎಲ್ಲ ಸರಿ ಇದೆ," ಎಂದಳು.

"ಇರುತ್ತೆ. ದೋಣಿ ಏಜೆಂಟ್ ಒಂದು ಮೇಜಿನ ಮೇಲೆ ನಲವತ್ತು ಪುಸ್ತಕ ಹರಡಿ ಒತ್ತಿದ್ದು. ನಾವು ಪಕ್ಕದ ಅಂಗಡೀಲಿ ಕುಡೀತಾ ಕೂತಿದ್ವಿ." ಖೋ ತಾತ ತನ್ನ ತೋಳನ್ನು ತಾನೇ ತಟ್ಟಿಕೊಂಡ. "ಇದಕ್ಕೆ ಯಾವತ್ತೂ ಯಾರ ಸೂಜಿಯೂ ಹೋಗಿಲ್ಲ. ಡಾಕ್ಟ್ರಿಗೆ ಹೇಳೋಕೆ ಹೋಗ್ಲಿಲ್ಲ, ನಿನ್ನ ಅತ್ತೆ ಅಲ್ಲೇ ಕೂತಿದ್ಲಲ್ಲ."

ಅವಳು ಪುಸ್ತಕ ಮುಚ್ಚಿದಳು. ಕೊಟ್ಟು ಹೋದರೆ ಮುಗಿಯಿತು. ಆ ಬಂದರಿನ ಅಧಿಕಾರಿ ದಿನಾಂಕ ನೋಡುತ್ತಾನೆ, ಮುದ್ರೆ ನೋಡುತ್ತಾನೆ, ಬಿಡುತ್ತಾನೆ. ತಾತ ಮಾವಿನ ಮರದ ಪಕ್ಕದ ಎರಡನೆಯ ಸಾಲಿಗೆ ಹೋಗುತ್ತಾನೆ, ಹೇಳಬೇಕಾದ್ದು ಹೇಳುತ್ತಾನೆ. ಮನೆಯಲ್ಲಿ ಎದುರು ಕೂತು ಉಣ್ಣುವ ಆ ಮುಖಕ್ಕೆ ಅದೊಂದಾದರೂ ಸಿಗುತ್ತದೆ. ಹೇಳಿದರೆ ಇವನೂ ಹೋಗದಿರಬಹುದು. ಆಗ ಆ ಮುಖದ ಮುಂದೆ ಬರಿಗೈಯಲ್ಲಿ ಕೂರಬೇಕು, ದಿನಾ, ಎರಡು ಹೊತ್ತು.

"ತಾತ, ಇದು ಸುಳ್ಳು," ಎಂದಳು. "ತೋರಿಸಿದ್ರೆ ಒಳಗೆ ಬಿಡ್ತಾರೆ. ಆದ್ರೆ ಅಲ್ಲಿ ಜ್ವರ ಇರೋ ಸೊಳ್ಳೆ ಕಚ್ಚಿದ್ರೆ ನಿಮಗೆ ಯಾವ ಕಾಪೂ ಇಲ್ಲ. ಈ ವಯಸ್ಸಲ್ಲಿ ಉಳಿಯೋದು ಕಷ್ಟ. ಈಗ ಸೂಜಿ ಹಾಕಿಸಿಕೊಳ್ಳೋದೂ ಅಪಾಯ. ಹೇಗೆ ಸಾಯ್ತಾರೆ ಅಂತ ನಾನು ನೋಡಿದ್ದೀನಿ. ಬೇಕಾದ್ರೆ ಹೇಳ್ತೀನಿ."

"ಬೇಡ."

"ಹೋಗಿ ಅನ್ನಲ್ಲ. ಹೋಗ್ಬೇಡಿ ಅನ್ನೋಕೂ ನಾನ್ಯಾರು. ಗೊತ್ತಿದ್ದು ತಗೊಳ್ಳಿ, ಅಷ್ಟೇ."

ಅವನು ಉಗುರು ಕತ್ತರಿ ಕೆಳಗಿಟ್ಟು, ಕೈಯನ್ನು ಬನಿಯನ್ನಿಗೆ ಒರೆಸಿಕೊಂಡು, ಗೋಡೆ ಹಿಡಿದು ಎದ್ದು ಹೊಸಿಲಿಗೆ ಬಂದ.

"ನಿನ್ನ ಗಂಡ ಇದನ್ನ ತಗೊಂಡು ಹೋಗುವಾಗ ಇಷ್ಟು ಮಾತಾಡ್ಲಿಲ್ಲ," ಎಂದ.

ಹಿರಿಯರಿಗೆ ಒಂದು ಕೈಯಲ್ಲಿ ಕೊಡುವುದಿಲ್ಲ. ಅವಳು ಬಲಗೈಯಲ್ಲಿ ಪುಸ್ತಕ ಹಿಡಿದು, ಮೇಲೇಳದ ಎಡಗೈಯನ್ನು ಹಲ್ಲು ಕಚ್ಚಿ ಎತ್ತಿ ತಂದು ಅದರ ಅಂಚಿಗೆ ಹಚ್ಚಿ, ಎರಡೂ ಕೈಯಲ್ಲಿ ಹೊಸಿಲಿನಾಚೆಗೆ ಚಾಚಿದಳು. ಅವನು ತೆಗೆದುಕೊಳ್ಳುವವರೆಗೆ ಹಾಗೇ ಹಿಡಿದಿದ್ದಳು.